ಬಡೀತು

ನಮ್ಮ ಆಟಕ್ಕೆ ಅಂಪೈರ್ ಇಲ್ಲ. ಗುಂಡು ತಾಗಿದವನು ತಾನೇ ಕೈ ಎತ್ತಿ 'ಬಡೀತು' ಎಂದು ಕೂಗಿ ಹೊರಗೆ ನಡೆಯಬೇಕು. ಹೊಡೆದವನು ಐವತ್ತು ಹೆಜ್ಜೆ ದೂರದಲ್ಲಿ ಬದುವಿನ ಹಿಂದೆ ಬಿದ್ದುಕೊಂಡಿರುತ್ತಾನೆ, ಅವನಿಗೆ ಖಾತ್ರಿ ಇರುವುದಿಲ್ಲ. ತಾಗಿದ್ದು ಗೊತ್ತಾಗುವುದು ತಾಗಿಸಿಕೊಂಡವನ ಚರ್ಮಕ್ಕೆ ಮಾತ್ರ.

ಇದಕ್ಕೆ ಹೊರದೇಶಗಳಲ್ಲಿ ಏರ್‌ಸಾಫ್ಟ್ ಅನ್ನುತ್ತಾರೆ. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಆಟ. ಅಲ್ಲಿ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸುತ್ತಾರೆ. ಪೇಂಟ್‌ಬಾಲ್ ಆದರೆ ಅಂಗಿಯ ಮೇಲೆ ಬಣ್ಣ ಒಡೆದು ಸಾಕ್ಷಿ ಹೇಳುತ್ತದೆ. ಏರ್‌ಸಾಫ್ಟಿನಲ್ಲಿ ಗುರುತೇ ಉಳಿಯುವುದಿಲ್ಲ. ಹಾಗಾಗಿ ಆ ಆಟ ಇಡೀ ಜಗತ್ತಿನಲ್ಲಿ ಆಡುವವರ ಬಾಯಿಮಾತಿನ ಮೇಲೆ ನಿಂತಿದೆ. ನಮ್ಮ ಕಡೆ ಆ ಬಂದೂಕುಗಳು ಸಿಗುವುದಿಲ್ಲ, ಸಿಕ್ಕರೂ ಕಾನೂನಿನ ತೊಡಕು. ನಾವು ಆಡುವುದು ಜೆಲ್ ಬಂದೂಕಿನಲ್ಲಿ. ಸಾಸಿವೆಯಂಥ ಕಾಳನ್ನು ಶನಿವಾರ ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿದರೆ ಬೆಳಗಾಗುವುದರಲ್ಲಿ ಏಳೆಂಟು ಮಿಲಿಮೀಟರಿಗೆ ಉಬ್ಬಿ ಮೆತ್ತಗಿನ ಗೋಲಿಗಳಾಗಿರುತ್ತವೆ. ತಾಗಿದರೆ ಚುರ್ರೆನ್ನುತ್ತದೆ, ಅಂಗಿಯ ಮೇಲೆ ಒಂದು ಹನಿ ಒದ್ದೆ. ಫೆಬ್ರವರಿಯ ಬೀದರ ಬಿಸಿಲಿಗೆ ಆ ಒದ್ದೆ ಆರಲು ಎಷ್ಟು ಹೊತ್ತು?

ಮೊದಲು ಬೀದರ ನಗರದ ಹೊರಗೆ ಕೆಂಪು ಮುರುಮಿನ ಬಯಲಲ್ಲಿ ಆಡುತ್ತಿದ್ದೆವು. 2025ರ ಜನವರಿ 16ರಂದು ನಗರದೊಳಗೆ ಹಾಡಹಗಲೇ ಎಟಿಎಂಗೆ ಹಣ ಒಯ್ಯುವವರ ಮೇಲೆ ಗುಂಡು ಹಾರಿಸಿ ದುಡ್ಡಿನ ಪೆಟ್ಟಿಗೆ ಹೊತ್ತೊಯ್ದರಲ್ಲ, ಒಬ್ಬರು ಜೀವ ಬಿಟ್ಟರು. ಅದಾದ ಮೇಲೆ ಬಂದೂಕಿನ ಆಕಾರದ ಏನನ್ನೂ ಕೈಯಲ್ಲಿ ಹಿಡಿದು ರಸ್ತೆಗೆ ಕಾಣುವಂತೆ ನಿಲ್ಲಲು ನಮಗೇ ನಾಚಿಕೆ ಆಯಿತು. ಕೆಲವು ತಿಂಗಳು ಆಟ ನಿಂತೇ ಹೋಗಿತ್ತು. ಆಮೇಲೆ ಗೆಳೆಯರೊಬ್ಬರು ಭಾಲ್ಕಿ ತಾಲೂಕಿನ ತಮ್ಮ ಹೊಲ ಕೊಟ್ಟರು. ತೊಗರಿ ರಾಶಿ ಮುಗಿದು ಹೊಲ ಖಾಲಿ ಬಿದ್ದಿತ್ತು. ಬಂದೂಕುಗಳಿಗೆ ಕಿತ್ತಳೆ ಟೇಪು ಸುತ್ತಿದೆವು, ಆಜೂಬಾಜೂ ಹೊಲದವರಿಗೆ ಹೇಳಿದೆವು, ಕನ್ನಡಕ ಇಲ್ಲದವರನ್ನು ಒಳಗೆ ಬಿಡಲಿಲ್ಲ.

ಬೀದರದವರೂ ಔರಾದದವರೂ ಸೇರಿ ಏಳು ಜನ ಒಂದು ಕಡೆ, ಭಾಲ್ಕಿಯ ಏಳು ಜನ ಇನ್ನೊಂದು ಕಡೆ. ನಮ್ಮ ಕಡೆಗೆ ನಾನು ಲೀಡರ್. ಕಾರಣ ಇಷ್ಟೇ: ವಯಸ್ಸಿನಲ್ಲಿ ದೊಡ್ಡವನು, ಮಾಸ್ತರಿಕೆ ಮಾಡುವವನು, ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವನು. ಹತ್ತು ಜನರ ಸೆಕ್ಷನ್ನನ್ನು ಬದುವಿನ ಮರೆಯಲ್ಲಿ ಹೇಗೆ ನಡೆಸಬೇಕು, ಯಾರು ಮುಂದೆ, ಯಾರು ಕಾವಲು ಎಂಬುದನ್ನು ಅಲ್ಲಿ ಕಲಿತಿದ್ದೆ. ಮರದ ಡಮ್ಮಿ ರೈಫಲ್ ಹಿಡಿದು ಕಲಿತದ್ದು ನಲವತ್ತೈದರ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಉಪಯೋಗಕ್ಕೆ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ.

ಆ ಭಾನುವಾರ ನಮ್ಮ ಕಡೆ ಒಬ್ಬ ಹೊಸ ಹುಡುಗನಿದ್ದ. ಔರಾದದ ನನ್ನ ಬಾಲ್ಯದ ಗೆಳೆಯನ ಮಗ, ಹತ್ತೊಂಬತ್ತರ ಪ್ರಾಯ. ನನ್ನನ್ನು ಕಾಕಾ ಅನ್ನುತ್ತಾನೆ. ಎದುರಿನವರು ಕಾಯುತ್ತಿದ್ದ ಕಣಕಿಯ ಬಣವಿಗೆ ಕಟ್ಟಿದ ಕೆಂಪು ಟವೆಲು ಕಿತ್ತು ತಂದರೆ ಗೆದ್ದಂತೆ. ಬಣವಿಗೂ ನಮಗೂ ನಡುವೆ ಹಳೆ ಬಾವಿ ತೋಡಿದಾಗ ಹಾಕಿದ ಕಲ್ಲಿನ ಗುಂಪಿ ಇತ್ತು. ಅಲ್ಲಿ ಒಬ್ಬ ಕೂತು ಗುಂಡು ಹಾರಿಸುತ್ತಿದ್ದರೆ ಉಳಿದವರು ಬಾಜೂದಿಂದ ಹೋಗಬಹುದು. ಹುಡುಗನನ್ನು ಅಲ್ಲಿ ಕೂಡಿಸಿ ಹೇಳಿದೆ: "ನೋಡಪ್ಪಾ, ಏನ್ ಬೇಕಾದ್ದ ಆಗ್ಲಿ, ಈ ಕಲ್ಲ ಬಿಟ್ಟು ಕದಲಬ್ಯಾಡ. ನಿನ್ನ ಮ್ಯಾಲೇ ಇಡೀ ಆಟ ಅದ."

"ಹೂಂ ಕಾಕಾ" ಅಂದ.

ಹತ್ತು ನಿಮಿಷಕ್ಕೆ ನಾನು ಅವನಿಂದ ಇಪ್ಪತ್ತು ಹೆಜ್ಜೆ ಆಚೆ ಬನ್ನಿಗಿಡದ ಬುಡದಲ್ಲಿದ್ದೆ. ಅವನ ಎಡಭುಜಕ್ಕೆ ಗೋಲಿ ಬಡಿದು ಒಡೆದದ್ದನ್ನು ಕಂಡೆ. ಬಿಸಿಲಿಗೆ ನೀರಿನ ಹುಡಿ ಫಳಕ್ಕೆಂದಿತು. ಅವನು ಭುಜ ಮುಟ್ಟಿಕೊಂಡ. ಆಮೇಲೆ ನನ್ನ ಕಡೆ ನೋಡಿದ. ನಾನು ಮುಖ ತಿರುಗಿಸಿ ಬಣವಿಯ ಕಡೆ ನೋಡಿದೆ. ಅವನು ಮತ್ತೆ ಬಂದೂಕು ಎತ್ತಿ ಹೊಡೆಯತೊಡಗಿದ. ಐದು ನಿಮಿಷದಲ್ಲಿ ಟವೆಲು ನಮ್ಮ ಕೈಯಲ್ಲಿತ್ತು.

ಊಟಕ್ಕೆ ಕೂತಾಗ ಭಾಲ್ಕಿ ಕಡೆಯ ಲೀಡರ್, ಬಟ್ಟೆ ಅಂಗಡಿಯ ಸಾವಕಾರ್ರು, ರೊಟ್ಟಿ ಮುರಿಯುತ್ತ ಕೇಳಿದರು: "ಖರೇ ಹೇಳ್ರಿ ಮಾಸ್ತರ್, ಆ ಕಲ್ಲಿನ ಮಗ್ಗಲಿದ್ದ ನಿಮ್ಮ ಹುಡುಗಗ ಬಡದಿದ್ದಿಲ್ಲೇನು?"

"ನಾ ನೋಡಿಲ್ರೀ" ಅಂದೆ.

ಹುಡುಗ ತಲೆ ಎತ್ತಲಿಲ್ಲ. ತಾಟಿನಲ್ಲಿದ್ದ ಪುಂಡಿಪಲ್ಯ ಹಾಗೇ ಉಳಿಯಿತು.

ಮಕ್ಕಳ ಚೋರ್-ಪೊಲೀಸ್ ಆಟ ನೆನಪು ಮಾಡಿಕೊಳ್ಳಿ. ಬೆರಳನ್ನೇ ಪಿಸ್ತೂಲು ಮಾಡಿ 'ಠೋ, ನೀ ಸತ್ತಿ' ಅಂದರೆ 'ಇಲ್ಲ, ಬಾಜೂ ಹೋತು' ಎಂದು ಇನ್ನೊಬ್ಬ ವಾದಿಸುತ್ತಾನೆ. ಅದು ಸುಳ್ಳಲ್ಲ, ಗುಂಡೇ ಇಲ್ಲದ ಕಡೆ ಸುಳ್ಳು ಎಲ್ಲಿಂದ ಬರಬೇಕು? ಕ್ರಿಕೆಟ್ಟಿನಲ್ಲಿ ಬ್ಯಾಟಿಗೆ ಚೆಂಡು ಸವರಿದ್ದು ಗೊತ್ತಿದ್ದೂ ನಿಂತುಕೊಳ್ಳುವವನಿಗೂ ಒಂದು ನೆಪ ಇದೆ: ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಅದಕ್ಕೇ ಒಬ್ಬರನ್ನು ನಿಲ್ಲಿಸಿದ್ದಾರೆ. ನಮ್ಮ ಆಟದಲ್ಲಿ ಆ ನೆಪವೂ ಇಲ್ಲ. ಗುಂಡು ಇದೆ, ನೋವು ಇದೆ, ತೀರ್ಪು ಕೊಡಬೇಕಾದವನೂ ನೀನೇ. ಆಡುವವರೆಲ್ಲ ಒಬ್ಬರ ಮಾತನ್ನು ಒಬ್ಬರು ನಂಬುತ್ತೇವೆ ಎಂದು ಒಪ್ಪಿದ್ದರಿಂದಲೇ ಅಲ್ಲಿ ಒಂದು ಆಟ ಇದೆ, ಇಲ್ಲದಿದ್ದರೆ ಹದಿನಾಲ್ಕು ಜನ ದೊಡ್ಡವರು ಕೂಳೆ ಹೊಲದಲ್ಲಿ ನೀರಿನ ಗೋಲಿ ಎರಚಾಡುವುದಷ್ಟೇ. ಆದ್ದರಿಂದ 'ಆಟ ತಾನೇ ಬಿಡಿ' ಅನ್ನುವ ಸಮಾಧಾನ ನನಗೆ ಒಗ್ಗಲಿಲ್ಲ.

ಡಚ್ ಇತಿಹಾಸಕಾರ ಯೊಹಾನ್ ಹುಯ್ಜಿಂಗಾ 1938ರಲ್ಲಿ ಪ್ರಕಟಿಸಿದ 'ಹೋಮೋ ಲುಡೆನ್ಸ್'ನಲ್ಲಿ ಒಂದು ವಿಚಿತ್ರ ಹೇಳುತ್ತಾನೆ. ಮೋಸ ಮಾಡಿ ಆಡುವವನನ್ನು ಜನ ಹೇಗೋ ಸಹಿಸುತ್ತಾರೆ, ಏಕೆಂದರೆ ಅವನು ನಿಯಮ ಒಪ್ಪಿದಂತೆ ನಟಿಸುತ್ತಾನೆ. ಆಟವನ್ನೇ ಕೆಡಿಸುವವನನ್ನು ಮಾತ್ರ ಸಹಿಸುವುದಿಲ್ಲ. ಆ ಹುಡುಗನ ಜಾಗದಲ್ಲಿ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಕೈ ಎತ್ತಿದ್ದರೆ ಅವನು ನಮ್ಮ ಏಳು ಜನರ ಪಾಲಿಗೆ ಆಟ ಕೆಡಿಸಿದವನಾಗುತ್ತಿದ್ದ. ಸುಮ್ಮನಿದ್ದರೆ ಕಾಕಾನ ಮಾತು ಉಳಿಸಿದವನು.

ಇಲ್ಲೇ ನನಗೆ ಸಿಕ್ಕು ಬೀಳುವುದು. ನಾನು ಅವನಿಗೆ ಸುಳ್ಳು ಹೇಳು ಅಂದಿರಲಿಲ್ಲ. ಏನೇ ಆದರೂ ಕದಲಬೇಡ ಅಂದಿದ್ದೆ. ಆದರೆ ಗೋಲಿ ತಾಗಿದ ಮೇಲೆ ಆ ಆಜ್ಞೆ ಪಾಲಿಸಲು ಇದ್ದದ್ದು ಒಂದೇ ದಾರಿ, ಸುಳ್ಳಿನದು. ಸುಳ್ಳಾಡದೆ ಪಾಲಿಸಲಾಗದಂಥ ಮಾತನ್ನು ಆಜ್ಞೆಯಾಗಿ ಕೊಟ್ಟವನು ಆ ಸುಳ್ಳಿನಿಂದ ಎಷ್ಟು ದೂರ ಇದ್ದಾನೆ? ಶಾಲೆಯಲ್ಲಿ ನೂರಕ್ಕೆ ನೂರು ಫಲಿತಾಂಶ ಬರಲೇಬೇಕು ಎಂದು ಮೇಲಿನಿಂದ ಹೇಳಿದಾಗ ನಾವು ಮಾಸ್ತರರು ಬೈದುಕೊಳ್ಳುತ್ತೇವೆ. ಅದೇ ವ್ಯಾಕರಣವನ್ನು ನಾನು ಆ ಕಲ್ಲಿನ ಬಳಿ ಬಳಸಿದ್ದೆ.

ಬೀದರದವನಾದ್ದರಿಂದ ಮಹಮೂದ್ ಗವಾನ್ ನೆನಪಾಗದೆ ಇರುವುದಿಲ್ಲ. 1472ರಲ್ಲಿ ಮುಗಿದ ಅವನ ಮದರಸಾದ ಮುಂದಿನ ರಸ್ತೆಯಲ್ಲೇ ನಾನು ದಿನಾ ಓಡಾಡುವುದು. ಅವನ ಕೈಕೆಳಗಿನವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಗವಾನನ ಮುದ್ರೆ ಒತ್ತಿಸಿಕೊಂಡು, ಆಮೇಲೆ ಅದರಲ್ಲಿ ರಾಜದ್ರೋಹದ ಪತ್ರ ಬರೆದರಂತೆ. ಫರಿಷ್ತಾ ಹೇಳುವ ಕಥೆಯಲ್ಲಿ, ಸುಲ್ತಾನ ಆ ಪತ್ರ ತೋರಿಸಿದಾಗ ಮುದಿ ಮಂತ್ರಿ ಮುದ್ರೆ ತನ್ನದೇ, ಬರಹ ತನ್ನದಲ್ಲ ಎಂದನು. ಮೂರನೇ ಮುಹಮ್ಮದ್ ಶಾ ವಿಚಾರಣೆಗೆ ನಿಲ್ಲಲಿಲ್ಲ. 1481ರಲ್ಲಿ ಗವಾನನ ತಲೆ ಹೋಯಿತು, ಮರುವರ್ಷ ಸುಲ್ತಾನನೂ ಸತ್ತ.

ಗವಾನನ ಬಾಯಲ್ಲಿ ಆ ಮಾತು ನಿರಪರಾಧಿಯ ಮಾತು. ನನ್ನೊಳಗೆ ಮೂರ್ನಾಲ್ಕು ವಾರ ತಿರುಗಿದ್ದೂ ಹೆಚ್ಚುಕಡಿಮೆ ಅದೇ: ಆಜ್ಞೆ ನನ್ನದು, ಸುಳ್ಳು ನನ್ನದಲ್ಲ. ಆದರೆ ನನ್ನ ಮುದ್ರೆಯನ್ನು ಯಾರೂ ಕದ್ದಿರಲಿಲ್ಲ. ಖಾಲಿ ಕಾಗದಕ್ಕೆ ನಾನೇ ಒತ್ತಿ ಹುಡುಗನ ಕೈಗೆ ಕೊಟ್ಟಿದ್ದೆ.

ಅವನು ಮುಂದಿನ ಎರಡು ಭಾನುವಾರ ಬರಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿ ಔರಾದದ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ತಪ್ಪು ನನ್ನದು ಅಂದೆ. ಅವನು ಬಹಳ ಹೊತ್ತು ಬಶಿ ತಿರುಗಿಸುತ್ತಿದ್ದ.

"ನೀವು ಕಲ್ಲ ಬಿಡಬ್ಯಾಡ ಅಂದಿದ್ದು ನಂಗ ನೆನಪೇ ಇರ್ಲಿಲ್ಲ ಕಾಕಾ" ಅಂದ. "ಬಡದ ಕೂಡ್ಲೇ ಕೈ ಎತ್ತೋದ್ರಾಗೇ ಇದ್ದೆ. ನಿಮ್ಮ ಮುಖ ನೋಡ್ದೆ. ನೀವು ಆ ಕಡೆ ತಿರುಗಿದ್ರಿ."

ನಾನು ಇಷ್ಟು ದಿನ ಆಜ್ಞೆಯ ಶಬ್ದಗಳನ್ನು ತೂಗುತ್ತ ಕೂತಿದ್ದೆ. ಅವನಿಗೆ ಆಜ್ಞೆಯಾಗಿ ಮುಟ್ಟಿದ್ದು ನಾನು ಬಾಯಿಬಿಟ್ಟು ಹೇಳದೆ ಇದ್ದದ್ದು.

ಸಾವಕಾರ್ರಿಗೆ ಅಂಗಡಿಗೇ ಹೋಗಿ ಹೇಳಿದೆ. "ಅಯ್ಯ ಬಿಡ್ರಿ ಮಾಸ್ತರ್" ಎಂದು ನಕ್ಕರು, ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ಆದರೆ ಅವತ್ತಿನಿಂದ ಆಟಕ್ಕೆ ಮೊದಲು ನನ್ನ ಕೈ ಕುಲುಕುವಾಗ ಒಂದು ಗಳಿಗೆ ಹೆಚ್ಚು ಹಿಡಿದಿರುತ್ತಾರೆ. ಅದಕ್ಕೇನು ಅರ್ಥ ಹಚ್ಚಬೇಕೋ ನನಗೆ ತಿಳಿದಿಲ್ಲ.

ಹುಡುಗ ಮತ್ತೆ ಬರುತ್ತಿದ್ದಾನೆ. ಈಗ ನಾನು 'ಬಡದ್ರ ಹೊರಗ ಬಾ, ಆಟ ನಾ ನೋಡ್ಕೋತೀನಿ' ಎಂದೇ ಶುರು ಮಾಡುತ್ತೇನೆ. ನಾವು ಮೊದಲಿಗಿಂತ ಹೆಚ್ಚು ಸೋಲುತ್ತೇವೆ. ಹೋದ ಭಾನುವಾರ ಅದೇ ಕಲ್ಲಿನ ಗುಂಪಿಯ ಮಗ್ಗುಲಲ್ಲಿ ಅವನಿದ್ದ. ಗೋಲಿ ಬಂದು ಅವನ ಕಿವಿಯ ಪಕ್ಕದ ಕಲ್ಲಿಗೆ ಬಡಿದು ಒಡೆಯಿತು. ಅವನಿಗೆ ತಾಗಲಿಲ್ಲ, ನಾನು ಸ್ಪಷ್ಟ ನೋಡಿದೆ. ಆದರೂ ಅವನು ನನ್ನ ಕಡೆ ಒಮ್ಮೆ ನೋಡಿ, ಕೈ ಎತ್ತಿ 'ಬಡೀತು' ಎಂದು ಕೂಗಿದ. ಎದ್ದು ಕೂಳೆ ತುಳಿಯುತ್ತ ಹೊರಗೆ ನಡೆದ. ಅವನನ್ನು ತಡೆಯಬೇಕಿತ್ತೇನೋ. ಬಾಯಿ ತೆರೆಯುವಷ್ಟರಲ್ಲಿ ಅವನು ಬದು ದಾಟಿದ್ದ.