ಮಗ್ಗಿ, ಬೆತ್ತ ಮತ್ತು ಸತ್ಯ

ತಪಸ್ಸುಕಾಲದ ಮನೆಭೇಟಿಯ ಒಂದು ಸಂಜೆ. ಪ್ರಾರ್ಥನೆ ಮುಗಿದು ತಾಯಿ ಕಾಫಿ ತರಲು ಒಳಗೆ ಹೋಗಿದ್ದರು. ಮೂರನೆಯ ತರಗತಿಯಲ್ಲಿ ಓದುವ ಮಗನನ್ನು ಮುಂದಕ್ಕೆ ತಳ್ಳಿ ತಂದೆ ಹೇಳಿದರು: "ಇವನಿಗೆ ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಫಾದರ್. ಮಗ್ಗಿ ಬಾಯಿಗೇ ಬರೋದಿಲ್ಲ. ಎಷ್ಟು ಹೊಡೆದ್ರೂ ಅಷ್ಟೇ."

ನಾನು ಹುಡುಗನನ್ನು ಹತ್ತಿರ ಕರೆದು, "ಏಳೆಂಟ್ಲ ಎಷ್ಟಪ್ಪಾ?" ಎಂದೆ. ಅವನು ಮೆಲ್ಲಗೆ "ಐವತ್ತಾರು" ಎಂದ. ಉತ್ತರ ಸರಿಯಾಗಿತ್ತು. ಆದರೆ ಅದೇ ಹೊತ್ತಿಗೆ, ಹುಡುಗ ಗೋಡೆಗೆ ಒರಗಿ ನಿಂತದ್ದನ್ನು ಕಂಡು ತಂದೆ ಹುಬ್ಬು ಗಂಟಿಕ್ಕಿದರು. ಹುಡುಗ ಆ ಹುಬ್ಬನ್ನು ನೋಡಿದ. ಕೂಡಲೇ, "ಅಲ್ಲ ಅಲ್ಲ, ಐವತ್ನಾಲ್ಕು" ಎಂದುಬಿಟ್ಟ.

ಪ್ರಿಯ ತಂದೆತಾಯಿಗಳೇ, ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಹುಡುಗನಿಗೆ ಮಗ್ಗಿ ಬಾರದೆ ಇರಲಿಲ್ಲ, ಬಂದಿತ್ತು. ಆದರೆ ಸತ್ಯ ಎಲ್ಲಿದೆ ಎಂಬುದನ್ನು ಅವನು ತಪ್ಪಾಗಿ ಕಲಿತಿದ್ದ. ಏಳೆಂಟ್ಲ ಐವತ್ತಾರು ಆಗುವುದು ಏಳು ಮತ್ತು ಎಂಟರ ಸ್ವಭಾವದಿಂದ. ಅವನು ಅದನ್ನು ಅಪ್ಪನ ಮುಖದಲ್ಲಿ ಹುಡುಕುತ್ತಿದ್ದ. ಹಾಗಾದರೆ ನಾವು ಕಲಿಸುತ್ತಿರುವುದು ಗಣಿತವೋ, ಭಯವೋ?

ಸಂತ ಅಗಸ್ಟೀನರು 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಹುಟ್ಟಿದವರು. ತಮ್ಮ 'ಪಾಪನಿವೇದನೆ' ಗ್ರಂಥದ ಮೊದಲ ಭಾಗದಲ್ಲಿ ಶಾಲೆಯ ದಿನಗಳನ್ನು ನೆನೆದಿದ್ದಾರೆ. ಒಂದಕ್ಕೆ ಒಂದು ಸೇರಿದರೆ ಎರಡು, ಎರಡಕ್ಕೆ ಎರಡು ಸೇರಿದರೆ ನಾಲ್ಕು ಎಂದು ರಾಗವಾಗಿ ಒಪ್ಪಿಸುವುದು ತಮಗೆ ಅಸಹ್ಯವಾಗಿತ್ತು ಎನ್ನುತ್ತಾರೆ. ಶಾಲೆಯಲ್ಲಿ ಪೆಟ್ಟು ಬೀಳದಿರಲಿ ಎಂದು ಪುಟ್ಟ ಬಾಲಕ ದೇವರಲ್ಲಿ ಪ್ರಾರ್ಥಿಸುತ್ತಿದ್ದ. ಮೈಮೇಲಿನ ಬಾಸುಂಡೆಗಳನ್ನು ಕಂಡು ಹಿರಿಯರು, ತಂದೆತಾಯಿಗಳು ಸಹ, ನಗುತ್ತಿದ್ದರು. ಅವರು ಮಗನಿಗೆ ಕೇಡು ಬಯಸಿದವರಲ್ಲ. ಆದರೂ ನಕ್ಕರು. ಸಂತರಾದ ಮೇಲೂ ಅಗಸ್ಟೀನರು ಆ ನಗುವನ್ನು ಮರೆಯಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಸಂಖ್ಯೆಯ ಪಾಠವನ್ನು ಹೀಗೆ ದ್ವೇಷಿಸಿದ ಬಾಲಕ ಮುಂದೆ ಏನು ಬರೆದರು ನೋಡಿ. ಸ್ವತಂತ್ರ ಇಚ್ಛೆಯನ್ನು ಕುರಿತ ತಮ್ಮ ಗ್ರಂಥದಲ್ಲಿ, ಬದಲಾಗದ ಸತ್ಯವೊಂದು ಇದೆ ಎಂಬುದಕ್ಕೆ ಅವರು ಕೊಡುವ ಉದಾಹರಣೆಗಳಲ್ಲಿ ಸಂಖ್ಯೆಯೂ ಒಂದು. ಏಳಕ್ಕೆ ಮೂರು ಕೂಡಿದರೆ ಹತ್ತು. ಅದು ನಿನ್ನೆಯೂ ಹತ್ತು, ನಾಳೆಯೂ ಹತ್ತು. ಈ ಸತ್ಯ ಯಾರೊಬ್ಬರ ಸ್ವತ್ತೂ ಅಲ್ಲ. ವಿವೇಚಿಸಬಲ್ಲ ಎಲ್ಲರಿಗೂ ಅದು ಸಮಾನವಾಗಿ ಸೇರಿದ್ದು. ಮೇಷ್ಟರಿಗೆ ಎಷ್ಟು ಸೇರಿದ್ದೋ ಮೂರನೆಯ ತರಗತಿಯ ಮಗುವಿಗೂ ಅಷ್ಟೇ ಸೇರಿದ್ದು.

ನನ್ನ ಮಾತಿನ ತಿರುಳು ಇಷ್ಟೇ. ಮಗು ಜೀವನದಲ್ಲಿ ಮೊದಲ ಸಲ, ಅಪ್ಪನಿಗಿಂತಲೂ ದೊಡ್ಡದಾದ, ಅಪ್ಪನೂ ತಲೆಬಾಗಬೇಕಾದ ಒಂದು ಸತ್ಯವನ್ನು ಕಾಣುವ ಜಾಗಗಳಲ್ಲಿ ಮಗ್ಗಿಯೂ ಒಂದು. ಅಲ್ಲಿ ಬೆತ್ತ ಹಿಡಿದು ನಿಂತರೆ ನಾವು ಸತ್ಯವನ್ನು ಆಜ್ಞೆಯನ್ನಾಗಿ ಮಾಡುತ್ತೇವೆ. ಆಜ್ಞೆಗೆ ಹೆದರುವ ಮಗು ಆಜ್ಞೆಯಿಂದ ತಪ್ಪಿಸಿಕೊಳ್ಳುವುದನ್ನೂ ಕಲಿಯುತ್ತದೆ. ಪಕ್ಕದವನ ಸ್ಲೇಟು ನೋಡಿ ಬರೆಯುತ್ತದೆ, "ಹೋಂವರ್ಕ್ ಕೊಟ್ಟಿಲ್ಲ" ಎಂದು ಸುಳ್ಳು ಹೇಳುತ್ತದೆ. ಅಂಥ ಸುಳ್ಳಿನ ಬೀಜ ಎಷ್ಟೋ ಸಲ ನಮ್ಮ ಕೈಯಿಂದಲೇ ಬಿದ್ದಿರುತ್ತದೆ.

ಹಾಗಾದರೆ ಬಾಯಿಪಾಠ ಬೇಡವೇ? ಮೊಬೈಲಿನಲ್ಲಿ ಲೆಕ್ಕ ಮಾಡಬಹುದಲ್ಲವೇ? ಎಂದು ಕೆಲವರು ಕೇಳುತ್ತಾರೆ. ನಾನು ಹಾಗೆನ್ನುವುದಿಲ್ಲ. ದಿನಕ್ಕಿಷ್ಟು ಕೂಲಿ, ಏಳು ದಿನಕ್ಕೆ ಎಷ್ಟು ಎಂದು ನಿಂತಲ್ಲೇ ಹೇಳಬಲ್ಲವನನ್ನು ಮೋಸ ಮಾಡುವುದು ಕಷ್ಟ. ಸುಳ್ಳು ತಕ್ಕಡಿಯಿಂದ ಬಡವರನ್ನು ವಂಚಿಸುವವರ ಮೇಲೆ ಪ್ರವಾದಿ ಆಮೋಸನು ಗುಡುಗಿದ್ದನ್ನು ನಾವು ಪೂಜೆಯಲ್ಲಿ ಕೇಳಿದ್ದೇವೆ. ನಮ್ಮ ನಾಡಿನಲ್ಲೇ 12ನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರ ಗಣಿತ' ಬರೆದ. ಲೆಕ್ಕವು ಜನರ ಭಾಷೆಯಲ್ಲಿ, ಜನರ ಬಾಯಲ್ಲಿ ಇರಬೇಕಾದದ್ದು. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗೆ ಬಾಯಿಗೆ ಬಂದ ಮಗ್ಗಿ ಯಾರೂ ಕಸಿಯಲಾರದ ಆಸ್ತಿ.

ಆದ್ದರಿಂದ ಪ್ರಶ್ನೆ ನೆನಪು ಬೇಕೋ ಬೇಡವೋ ಎಂಬುದಲ್ಲ. ಯಾವುದು ಮೊದಲು ಎಂಬುದು. ಸಂತ ಥಾಮಸ್ ಅಕ್ವಿನಾಸರು ಶಿಕ್ಷಕನನ್ನು ವೈದ್ಯನಿಗೆ ಹೋಲಿಸುತ್ತಾರೆ. ವೈದ್ಯ ಆರೋಗ್ಯವನ್ನು ಹೊರಗಿನಿಂದ ತಂದು ತುಂಬುವುದಿಲ್ಲ. ರೋಗಿಯ ದೇಹದಲ್ಲಿಯೇ ಇರುವ ಶಕ್ತಿಗೆ ನೆರವಾಗುತ್ತಾನೆ. ಅಂತೆಯೇ ಶಿಕ್ಷಕನೂ ಮಗುವಿನೊಳಗೆ ದೇವರು ಇಟ್ಟಿರುವ ವಿವೇಚನೆಯ ಬೆಳಕಿಗೆ ನೆರವಾಗುವವನು. ಮೊದಲು ಮಗು ಕಾಣಲಿ, ಆಮೇಲೆ ಕಂಡದ್ದನ್ನು ಬಾಯಿಪಾಠ ಮಾಡಲಿ.

ಮರುವಾರ ನಾನು ಅದೇ ಮನೆಗೆ ಹೋದೆ. ಒಂದು ಹಿಡಿ ಹುಣಸೆ ಬೀಜ ಕೇಳಿದೆ. ನಾನು, ಹುಡುಗ, ಅವನ ತಂದೆ ಮೂವರೂ ನೆಲದ ಮೇಲೆ ಕುಳಿತೆವು. ಸಾಲಿಗೆ ಎಂಟರಂತೆ ಏಳು ಸಾಲು ಜೋಡಿಸಿದೆವು. ಈಚೆ ಬದಿಯಿಂದ ನೋಡಿದರೆ ಎಂಟರ ಏಳು ಸಾಲು, ಆಚೆ ಬದಿಯಿಂದ ನೋಡಿದರೆ ಏಳರ ಎಂಟು ಸಾಲು. ಬೀಜ ಮಾತ್ರ ಅಷ್ಟೇ. "ಹಾಗಾದ್ರೆ ಎಂಟೇಳ್ಲ ಬೇರೆ ಕಲಿಯೋದೇ ಬೇಡವಾ ಫಾದರ್?" ಎಂದ ಹುಡುಗ. ಬೇಡ. ಒಂದರಿಂದ ಹತ್ತರವರೆಗಿನ ಮಗ್ಗಿಯಲ್ಲಿ ನೂರು ಉತ್ತರಗಳಿವೆ. ಒಂದು ಮತ್ತು ಹತ್ತರ ಲೆಕ್ಕ ಸುಲಭ. ಅವನ್ನು ಬಿಟ್ಟರೆ ಉಳಿಯುವುದು 64. ತಿರುಗಿಸಿ ನೋಡಿದರೆ ಒಂದೇ ಆಗುವುದನ್ನು ಒಂದೇ ಸಲ ಎಣಿಸಿದರೆ ಬರೀ 36. ಮಗುವಿನ ಹೆಗಲ ಮೇಲೆ ನೂರರ ಹೊರೆ ಹೊರಿಸಿ ನಾವು ಬೆತ್ತ ಹಿಡಿದಿದ್ದೆವು!

ಆಮೇಲೆ ಪ್ರತಿ ಸಾಲಿನ ಎಂಟು ಬೀಜಗಳ ನಡುವೆ ಒಂದು ಕಡ್ಡಿ ಇಟ್ಟೆವು, ಒಂದು ಕಡೆ ಐದು, ಇನ್ನೊಂದು ಕಡೆ ಮೂರು. ಏಳೈದ್ಲ ಮೂವತ್ತೈದು ಅವನಿಗೆ ಗೊತ್ತಿತ್ತು. ಏಳ್ಮೂರ್ಲ ಇಪ್ಪತ್ತೊಂದೂ ಗೊತ್ತಿತ್ತು. ಎರಡನ್ನೂ ಕೂಡಿದ. ಈ ಸಲ ನಾನು ಬೇಕೆಂದೇ ಹುಬ್ಬು ಗಂಟಿಕ್ಕಿ, "ಸರಿಯಾಗಿ ನೋಡು, ಐವತ್ತಾರೇನಾ?" ಎಂದು ಗದರಿದೆ. ಹುಡುಗ ನನ್ನ ಮುಖ ನೋಡಲಿಲ್ಲ, ಬೀಜ ನೋಡಿದ. "ಐವತ್ತಾರೇ ಫಾದರ್" ಎಂದ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಹೊಡೆದೇ ಕಲಿಸಿದ್ದು ಫಾದರ್. ನಂಗೆ ಬೇರೆ ದಾರಿ ಗೊತ್ತಿರ್ಲಿಲ್ಲ" ಎಂದರು.

ಅವರನ್ನು ದೂಷಿಸುವ ಹಕ್ಕು ನನಗಿಲ್ಲ. ಕೆಲವು ವರ್ಷಗಳ ಹಿಂದೆ ಜ್ಞಾನೋಪದೇಶದ ತರಗತಿಯಲ್ಲಿ, ವಿಶ್ವಾಸ ಸಂಗ್ರಹ ಒಪ್ಪಿಸಲಾರದ ಒಬ್ಬ ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ ಅಳಿಸಿದವನು ನಾನು. ಆ ಮಗು ನನ್ನ ಮುಖದಲ್ಲಿ ಯಾವ ದೇವರನ್ನು ಕಂಡಿತೋ! ಸಂಖ್ಯೆಯ ಸತ್ಯವನ್ನೇ ಭಯದಿಂದ ಕಲಿಸಬಾರದೆಂದ ಮೇಲೆ, ಪ್ರೀತಿಯೇ ಆಗಿರುವ ದೇವರನ್ನು ಭಯದಿಂದ ಕಲಿಸಬಹುದೇ?

2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆ ಮಾಡುವುದನ್ನೂ ನಿಷೇಧಿಸಿದೆ. ಆದರೆ ಮನೆಯೊಳಗೆ, ರಾತ್ರಿ ಊಟಕ್ಕೆ ಮುಂಚೆ ಮಗ್ಗಿ ಒಪ್ಪಿಸುವ ಮಗುವಿನ ಪಕ್ಕದಲ್ಲಿ ಇರುವುದು ನಮ್ಮ ಮನಸ್ಸಾಕ್ಷಿ ಮಾತ್ರ. ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಇದು ಗೌರವವೂ ಹೌದು, ಹೊಣೆಯೂ ಹೌದು.

ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ನೆನೆಯಿರಿ. ಹಸಿದ ಐದು ಸಾವಿರ ಜನ. ಫಿಲಿಪ್ಪ ಲೆಕ್ಕ ಹಾಕಿದ: ಇನ್ನೂರು ದಿನಾರಿಯ ರೊಟ್ಟಿಯೂ ಸಾಲದು. ಲೆಕ್ಕ ಹಾಕಿದ್ದಕ್ಕೆ ಯೇಸುಸ್ವಾಮಿ ಅವನನ್ನು ಗದರಲಿಲ್ಲ. ಒಬ್ಬ ಹುಡುಗನ ಬಳಿ ಐದು ರೊಟ್ಟಿ, ಎರಡು ಮೀನು ಇದ್ದವು. ಸ್ವಾಮಿ ಅದನ್ನೇ ಕೈಗೆತ್ತಿಕೊಂಡು, ಕೃತಜ್ಞತೆ ಸಲ್ಲಿಸಿ, ಎಲ್ಲರಿಗೂ ಸಾಲುವಂತೆ ಹೆಚ್ಚಿಸಿದರು. ಇಷ್ಟೇ ಇರುವುದೇ ಎಂದು ಹಂಗಿಸಲಿಲ್ಲ.

ಇಂದು ರಾತ್ರಿ ನಿಮ್ಮ ಮಗು ಏಳೆಂಟ್ಲದಲ್ಲಿ ತಡವರಿಸಿದರೆ, ಅದಕ್ಕೆ ಏನು ಬಾರದು ಎಂದು ಕೇಳಬೇಡಿ. ಏಳೈದ್ಲ ಬರುತ್ತದೆಯೇ ಎಂದು ಕೇಳಿ. ಅಲ್ಲಿಂದ ಶುರು ಮಾಡಿ, ಕಾಲು ಗಂಟೆ ಸಾಕು. ಆಮೇಲೆ ಇಬ್ಬರೂ ಸೇರಿ ಒಂದು ನಮೋ ಮರಿಯ ಹೇಳಿ ಮಲಗಿ. ಮಗುವಿನ ಕೈಯಲ್ಲಿರುವ ಐದು ರೊಟ್ಟಿಯನ್ನು ನೋಡುವ ಕಣ್ಣನ್ನು ಪ್ರಭು ನಮಗೆಲ್ಲರಿಗೂ ಕೊಡಲಿ.