ಮುಂದೆ ಕಳಿಸಿದ ಮಾತಿಗೆ ಹೊಣೆ ಯಾರು?

ಈಗಿನ ಮಕ್ಕಳ ಕೈಗೆ ಪಾಟಿಗಿಂತ ಮೊದಲು ಮೊಬೈಲು ಬರುತ್ತಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಅದರಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಶಾಲೆಯಲ್ಲಿಯೇ ಕಲಿಸಬೇಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದ್ದು, ಅದಕ್ಕೆ ‘ಡಿಜಿಟಲ್ ನಾಗರಿಕತೆ’ ಎಂಬ ದೊಡ್ಡ ಹೆಸರನ್ನೂ ಇಟ್ಟಾಗಿದೆ. ಆದರೆ ಕಲಿಸಬೇಕಾದದ್ದು ಏನು? ಪಾಸ್‌ವರ್ಡ್ ಹೇಳಬೇಡ, ಓಟಿಪಿ ಕೊಡಬೇಡ, ಗುರುತಿಲ್ಲದವರೊಡನೆ ಹರಟಬೇಡ ಎಂದು ಬರೆದ ಫಲಕಗಳನ್ನು ಶಾಲೆಗಳ ಗೋಡೆಯ ಮೇಲೆ ಕಾಣುತ್ತೇವೆ. ಇವು ಅವಶ್ಯವೇ ಸರಿ. ಆದರೂ ಇದು ತನ್ನ ಗಂಟನ್ನು ತಾನು ಕಾಯ್ದುಕೊಳ್ಳುವ ಜಾಣತನ. ನಾವು ಶಾಲೆಯಲ್ಲಿ ಓದಿದ ಪೌರನೀತಿಯ ಪುಸ್ತಕದಲ್ಲಿ, ಕಿಸೆಗಳ್ಳರಿಂದ ಪಾರಾಗುವವನೇ ಒಳ್ಳೆಯ ಪೌರ ಎಂದು ಬರೆದಿರಲಿಲ್ಲ. ನನ್ನಿಂದ ಇನ್ನೊಬ್ಬನಿಗೆ ಏನಾಗುತ್ತದೆ ಎಂಬ ಪ್ರಶ್ನೆಯಿಂದಲೇ ಪೌರತ್ವ ಆರಂಭವಾಗುತ್ತದೆ.

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ, ಊರೂರು ತಿರುಗಿ ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಡವರಿ ಗೋಸಾವಿ ಸಮುದಾಯದ ಐವರನ್ನು ಜನ ಹೊಡೆದು ಕೊಂದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲಿನಲ್ಲಿ ಅದಕ್ಕೂ ಮೊದಲೇ ಆ ಭಾಗದಲ್ಲೆಲ್ಲ ಹಬ್ಬಿತ್ತು. ಸತ್ತವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನವರು. ಮಂಗಳವೇಢೆ ಎಂದರೆ ಜತ್ತ, ಅಕ್ಕಲಕೋಟ ಕಡೆಯ ನಮ್ಮ ಓದುಗರಿಗೆ ಪರದೇಶವಲ್ಲ. ಎರಡು ವಾರ ತುಂಬುವುದರೊಳಗೆ, ಜುಲೈ 13ರಂದು, ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ತರುಣ ಎಂಜಿನಿಯರೊಬ್ಬನು ಇದೇ ಗುಮಾನಿಗೆ ಬಲಿಯಾದನು. ಆತನೂ ಜೊತೆಗಾರರೂ ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು. ಅಷ್ಟಕ್ಕೇ ಗಲಾಟೆ ಎದ್ದಿತು. ಅವರು ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರೆ ವಾಟ್ಸ್‌ಆ್ಯಪ್ ಸಂದೇಶ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ದಾರಿಗಡ್ಡ ನಿಂತಿದ್ದರು.

ಆ ದಿನಗಳಲ್ಲಿ ದೇಶದ ತುಂಬ ಹರಿದಾಡಿದ ಒಂದು ದೃಶ್ಯಾವಳಿಯ ಕಥೆಯನ್ನು ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಬೇಕು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರ ರಕ್ತ ಕುದಿಯುತ್ತದೆ. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ಜನರನ್ನು ಎಚ್ಚರಿಸಲು ತಯಾರಿಸಿದ ಕಿರುಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕವನ್ನು ಎತ್ತಿ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಬಿಟ್ಟರು. ಮಕ್ಕಳನ್ನು ಉಳಿಸಲು ಮಾಡಿದ ಚಿತ್ರ ಹೀಗೆ ದೊಡ್ಡವರನ್ನು ಕೊಲ್ಲುವ ಹುಚ್ಚಿಗೆ ಸೌದೆಯಾಯಿತು.

ಕತ್ತರಿಸಿದವನು ತಪ್ಪಿತಸ್ಥ, ಹೊಡೆದವರು ತಪ್ಪಿತಸ್ಥರು. ಇದರಲ್ಲಿ ವಾದವೇ ಇಲ್ಲ. ಪ್ರಶ್ನೆ ಇರುವುದು ನಡುವಿನವರ ಬಗ್ಗೆ. ಕತ್ತರಿಸಿದವನು ಒಬ್ಬ, ಹೊಡೆದವರು ಕೆಲವರು. ನಡುವೆ ಅದನ್ನು ಕೈಯಿಂದ ಕೈಗೆ ದಾಟಿಸಿದವರು ಲಕ್ಷಾಂತರ ಜನ. ಅವರಲ್ಲಿ ಕೆಟ್ಟವರು ಎಷ್ಟು ಮಂದಿ? ಬಹುತೇಕ ಎಲ್ಲರೂ ಮಕ್ಕಳೊಂದಿಗರೇ, ಮಗು ಜೋಪಾನ ಎನ್ನುವ ಕಳಕಳಿಯಿಂದಲೇ ಕಳಿಸಿದವರು. “ನಾನು ಬರೆದದ್ದಲ್ಲ, ಬಂದದ್ದನ್ನು ಮುಂದೆ ಕಳಿಸಿದೆ” ಎಂಬುದು ಅವರೆಲ್ಲರ ಉತ್ತರ. ಈ ಉತ್ತರ ಸರಿಯೇ?

ನಾನು ವಾಣಿಜ್ಯ ಓದಿದವನಾದ್ದರಿಂದ ನನಗೆ ಮೊದಲು ನೆನಪಾಗುವುದು 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಹುಂಡಿ, ಚೆಕ್ಕುಗಳ ವ್ಯವಹಾರ ಮಾಡುವ ವರ್ತಕರಿಗೆ ಇದು ಗೊತ್ತಿರುವ ವಿಷಯ. ನನ್ನ ಹೆಸರಿಗೆ ಬಂದ ಹುಂಡಿಯ ಬೆನ್ನ ಮೇಲೆ ಸಹಿ ಮಾಡಿ ಇನ್ನೊಬ್ಬರಿಗೆ ದಾಟಿಸಿದೆನೆಂದರೆ, ಮುಂದೆ ಅದು ತಿರಸ್ಕೃತವಾದಾಗ, ಸಕಾಲದಲ್ಲಿ ತಿಳುವಳಿಕೆ ಬಂದರೆ ನಾನೂ ಜವಾಬುದಾರ. ಹುಂಡಿ ಬರೆದವನು ನಾನಲ್ಲ ಎಂದರೆ ನಡೆಯದು. ಏಕೆಂದರೆ ಮುಂದಿನವನು ಬರೆದವನ ಮುಖ ನೋಡಿ ಅದನ್ನು ತೆಗೆದುಕೊಂಡಿಲ್ಲ, ನನ್ನ ಸಹಿ ನೋಡಿ ತೆಗೆದುಕೊಂಡಿದ್ದಾನೆ. ಮನೆತನದ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ನಡೆಯುವುದು ಇದೇ. ಎಲ್ಲಿಯೋ ಹುಟ್ಟಿದ ಸುದ್ದಿಯನ್ನು ಅತ್ತಿಗೆ ನಂಬುವುದು ಅದನ್ನು ಮೈದುನ ಕಳಿಸಿದ್ದಾನೆಂಬ ಕಾರಣಕ್ಕೆ.

ಇದಕ್ಕೆ ಕಾಯ್ದೆಯಲ್ಲಿಯೇ ಒಂದು ಕಿಟಕಿ ಇದೆ ಎಂದು ತಿಳಿದವರು ಹೇಳಬಹುದು. ಹೊಣೆ ನನ್ನದಲ್ಲ ಎಂದು ಸಹಿಯ ಜೊತೆಗೇ ಬರೆದುಬಿಟ್ಟರೆ ಸಹಿದಾರ ಪಾರಾಗುತ್ತಾನೆ. ಸಂದೇಶದ ಅಡಿಯಲ್ಲಿ ನಮ್ಮವರು ಬರೆಯುವ “ಬಂದದ್ದು ಬಂದ ಹಾಗೆ” ಎಂಬ ಒಕ್ಕಣೆಯೂ ಇಂಥದ್ದೇ. ಆದರೆ ಪೇಟೆಯಲ್ಲಿ ಅಂಥ ಸಹಿಯ ಹುಂಡಿಯನ್ನು ಯಾರೂ ಪೂರ್ಣ ಬೆಲೆಗೆ ಕೊಳ್ಳುವುದಿಲ್ಲ. ಸಂಶಯಕ್ಕೆ ತಕ್ಕಷ್ಟು ಕಡಿತ ಮಾಡಿಕೊಳ್ಳುತ್ತಾರೆ. ಸುದ್ದಿಯ ಪೇಟೆಯಲ್ಲಿ ಆ ಕಡಿತವೇ ಇಲ್ಲ. ಓದುವವನು ಒಕ್ಕಣೆಯನ್ನು ಬಿಟ್ಟು ಸುದ್ದಿಯನ್ನು ಪೂರ್ಣ ಬೆಲೆಗೆ ನಂಬುತ್ತಾನೆ. ನಂಬಿಕೆಯ ಲಾಭ ನನಗೆ ಬರಲಿ, ನಷ್ಟ ಮಾತ್ರ ಬೇಡ ಎಂಬ ಲೆಕ್ಕ ಯಾವ ಖಾತೆಯಲ್ಲಿಯೂ ತಾಳೆಯಾಗುವುದಿಲ್ಲ.

ಹಾಗಾದರೆ ಸದ್ಭಾವನೆಗೆ ಬೆಲೆಯಿಲ್ಲವೆ? ಇದೆ. ಆದರೆ ಅದೇ ಕಾಯ್ದೆ, ಹುಂಡಿಯನ್ನು ಪಡೆದವನು ಅದರ ದೋಷವನ್ನು ಸಂಶಯಿಸಲು ಸಾಕಷ್ಟು ಕಾರಣ ಇರಲಿಲ್ಲವೇ ಎಂದೂ ಕೇಳುತ್ತದೆ. ಊರ ಹೆಸರಿಲ್ಲ, ತಾರೀಖಿಲ್ಲ, ಠಾಣೆಯ ಹೆಸರಿಲ್ಲ, ‘ಕೂಡಲೇ ಹತ್ತು ಜನರಿಗೆ ಕಳಿಸಿ’ ಎಂಬ ಅವಸರ ಮಾತ್ರ ಇದೆ ಎಂದರೆ ಸಂಶಯಕ್ಕೆ ಇನ್ನೇನು ಕಾರಣ ಬೇಕು? ಮಕ್ಕಳಿಗೆ ಕಲಿಸಬಹುದಾದದ್ದು ಇದು. ಇದಕ್ಕೆ ಕಂಪ್ಯೂಟರ್ ಕೋಣೆಯೂ ಬೇಡ, ಕರಿಹಲಗೆ ಸಾಕು.

ಹೀಗೆ ಕಲಿಸಿದ ಉದಾಹರಣೆ ಕಾಸರಗೋಡಿನ ನೆರೆಯಲ್ಲಿಯೇ ಇದೆ. 2017ರಲ್ಲಿ ಕೇರಳದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ವಿರುದ್ಧ ಗಾಳಿಸುದ್ದಿಗಳು ಹಬ್ಬಿ ಅನೇಕ ತಂದೆತಾಯಿಗಳು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿದರು. ಮರುವರ್ಷ ಕಣ್ಣೂರಿನ ಜಿಲ್ಲಾಡಳಿತವು ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠ ಆರಂಭಿಸಿತು. 2022ರಲ್ಲಿ ಅದೇ ಹೆಸರಿನ ಪಾಠವನ್ನು ಕೈಟ್ ಸಂಸ್ಥೆ ರಾಜ್ಯದ ಉಳಿದೆಡೆಗೂ ಒಯ್ದಿತು. ಸೊಲ್ಲಾಪುರ ಭಾಗದ ಕನ್ನಡ ಶಾಲೆಗಳಿಗೆ ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಕೊಡುತ್ತದೆ. ಇಂಥ ಪಾಠವೂ ಕನ್ನಡದಲ್ಲಿ ಬರಬೇಕು. ನಮ್ಮ ಮಕ್ಕಳಿಗೆ ಗಾಳಿಸುದ್ದಿ ಮರಾಠಿ, ಹಿಂದಿ, ಕನ್ನಡ ಮೂರರಲ್ಲಿಯೂ ಬರುತ್ತದೆ. ತಿದ್ದುಪಡಿ ಮಾತ್ರ ಮನೆಮಾತಿನಲ್ಲಿ ಬಾರದಿದ್ದರೆ ಹೇಗೆ?

ಕಲಿಸುವ ಗೊಡವೆಯೇ ಬೇಡ, ನಿಷೇಧಿಸಿರಿ ಎನ್ನುವವರೂ ಇದ್ದಾರೆ. ಆಸ್ಟ್ರೇಲಿಯ ದೇಶದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲಗಳಲ್ಲಿ ಖಾತೆ ಹೊಂದುವಂತಿಲ್ಲ. ನಮ್ಮ ಕಡೆ ಮಕ್ಕಳಿಗೆ ಬಾವಿಯಲ್ಲಿ ಬೆಂಡು ಕಟ್ಟಿ ಈಜು ಕಲಿಸುತ್ತಾರೆಯೇ ಹೊರತು ಬಾವಿ ಮುಚ್ಚುವುದಿಲ್ಲ ಎಂದು ಉತ್ತರ ಹೇಳಬಹುದು. ಆದರೆ ಈ ಹೋಲಿಕೆ ನನಗೆ ಪೂರ್ತಿ ಒಪ್ಪಿಗೆಯಾಗದು. ಹುಡುಗ ಹೆಚ್ಚು ಹೊತ್ತು ನೀರಿನಲ್ಲಿದ್ದಷ್ಟೂ ಬಾವಿಯ ಒಡೆಯನಿಗೆ ಹಣ ಬರುವಂಥ ಬಾವಿಯನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ಕಂಪನಿಗಳ ಊರಿನಲ್ಲಿ ನಮಗೆ ಮತವೂ ಇಲ್ಲ, ಪಂಚಾಯಿತಿಯೂ ಇಲ್ಲ. ಅಲ್ಲಿ ನಾವು ಗಿರಾಕಿಗಳು. 2018ರ ಕೊಲೆಗಳ ನಂತರ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೆ ಕಳಿಸದಂತೆ ಮಿತಿ ಹಾಕಿತು. ಎಂದರೆ ಒಡೆಯ ಮನಸ್ಸು ಮಾಡಿದರೆ ಬಾವಿಗೆ ಕಟ್ಟೆ ಕಟ್ಟಬಲ್ಲ. ಈ ಕೆಲಸವನ್ನು ಅವನಿಂದ ಮಾಡಿಸುವ ಜವಾಬ್ದಾರಿಯನ್ನು ಸರ್ಕಾರ ಬಿಟ್ಟು, ಎಲ್ಲವನ್ನೂ ಏಳನೆಯ ಇಯತ್ತೆಯ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಮಂಗಳವೇಢೆಯ ಆ ಗೋಸಾವಿಗಳಿಗೆ ನಾನು ತೀರಿಸಬೇಕಾದ ಋಣ ಕಂಪನಿಯ ಮೂಲಕ ಬಂದದ್ದಲ್ಲವಾದ್ದರಿಂದ, ಕಂಪನಿ ಕೆಟ್ಟದ್ದೆಂಬ ಕಾರಣಕ್ಕೆ ನನ್ನ ಪಾಲು ಮನ್ನಾ ಆಗುವುದೂ ಇಲ್ಲ.

ಒಬ್ಬ ಮುಖ್ಯೋಪಾಧ್ಯಾಯರು ಇದಕ್ಕಿಂತ ಕಠಿಣವಾದ ಪ್ರಶ್ನೆ ಎತ್ತಿದರು. “ಸೆಕ್ರೆಟರಿಯವರೇ, ಹುಡುಗರಿಗೆ ನೀವು ಹೇಳಿದಂತೆ ಕಲಿಸುತ್ತೇನೆ. ಮನೆಗೆ ಹೋಗಿ ಅವರು ಕಾಕಾ ಕಳಿಸಿದ್ದು ಸುಳ್ಳು ಎಂದು ಎಲ್ಲರ ಮುಂದೆ ಬರೆಯುತ್ತಾರೆ. ಮರುದಿನ ಕಾಕಾ ನನ್ನ ಆಫೀಸಿನಲ್ಲಿ ಕುಳಿತಿರುತ್ತಾನೆ. ಆಗ ನೀವು ಬರುತ್ತೀರಾ?” ಸುಳ್ಳಿಗೆ ವಯಸ್ಸಿನ ರಿಯಾಯಿತಿ ಇಲ್ಲವೆಂದು ನಾನು ಹೇಳಿದೆ. ಹುಡುಗ ಗುಂಪಿನಲ್ಲಿ ಬರೆಯದೆ, ಕಾಕಾನ ಹತ್ತಿರ ಹೋಗಿ ‘ಇದು ನಿಮಗೆ ಎಲ್ಲಿಂದ ಬಂತು ಕಾಕಾ?’ ಎಂದು ಕೇಳಲಿ ಎಂದೆ. ಅಷ್ಟರಲ್ಲಿ ಆ ಸುದ್ದಿ ಇನ್ನೈವತ್ತು ಮನೆ ಮುಟ್ಟಿರುತ್ತದೆ, ನಿಮ್ಮ ವಿನಯಕ್ಕೆ ಯಾರೋ ಬೆಲೆ ತೆರುತ್ತಾರೆ ಎಂದು ಅವರು ತಿರುಗಿ ಕೇಳಿದರು. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಇನ್ನೂ ಒಮ್ಮತವಾಗಿಲ್ಲ. ಶಿಕ್ಷಕರೂ ಪಾಲಕರೂ ತಮ್ಮ ಅಭಿಪ್ರಾಯವನ್ನು ಶ್ರೀಮಠದ ಕಾರ್ಯಾಲಯಕ್ಕೆ ಬರೆದು ತಿಳಿಸಬೇಕಾಗಿ ವಿನಂತಿ. ಆಯ್ದ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು.