ಸರಕಾರದ ಚಾಕರಿ, ಧನಿಯ ಚಾಕರಿ ಮತ್ತು ಮುಪ್ಪಿನ ಆಧಾರ

ಒಂದೇ ಊರಿನಲ್ಲಿ ಹುಟ್ಟಿ, ಒಂದೇ ಶಾಲೆಯಲ್ಲಿ ಕಲಿತ ಇಬ್ಬರನ್ನು ನೆನಸಿಕೊಳ್ಳಿರಿ. ಒಬ್ಬನು ಸರಕಾರಿ ಕಚೇರಿಯಲ್ಲಿ ಜವಾನನಾದನು. ಇನ್ನೊಬ್ಬನು ಪಟ್ಟಣದ ಕಾರಖಾನೆಯಲ್ಲಿ ಕೆಲಸಕ್ಕೆ ನಿಂತನು. ಇಬ್ಬರೂ ಮೂವತ್ತು ವರುಷ ನಿಷ್ಠೆಯಿಂದ ದುಡಿದರು. ಇಬ್ಬರ ಕಣ್ಣೂ ಮಂಜಾದವು, ಇಬ್ಬರ ಮೊಣಕಾಲೂ ಸೋತವು. ಆದರೆ ಒಬ್ಬನಿಗೆ ಕಡೆಯ ಸಂಬಳದ ಅರ್ಧವು ತಿಂಗಳು ತಿಂಗಳಿಗೆ ಬರುತ್ತದೆ. ಇನ್ನೊಬ್ಬನಿಗೆ ಬರುವದು ಅಂಗಡಿಯ ಬಾಕಿ ತೀರಿಸುವದಕ್ಕೂ ಸಾಲದು. ಇದು ನ್ಯಾಯವೋ? ನ್ಯಾಯವಲ್ಲವಾದರೆ ಆ ಕೊರತೆಯನ್ನು ತುಂಬಿಕೊಡುವ ಹೊಣೆ ಯಾರದು? ಇದನ್ನು ಹೊಟ್ಟೆಕಿಚ್ಚಿಲ್ಲದೆ ಸ್ವಲ್ಪ ವಿಚಾರಿಸುವ.

ಮೊದಲು ಈ ಭೇದವು ಎಲ್ಲಿಂದ ಹುಟ್ಟಿತೆಂಬದನ್ನು ತಿಳಿಯತಕ್ಕದ್ದು. ಪೂರ್ವಕಾಲದಲ್ಲಿ ಅರಸರು ತಮ್ಮ ಸೇವಕರಿಗೆ ಉಂಬಳಿ ಭೂಮಿ ಕೊಡುತ್ತಿದ್ದರು. ಬ್ರಿಟಿಷರ ಆಳಿಕೆಯಲ್ಲಿ ಸರಕಾರದ ಮುದಿ ಸೇವಕರಿಗೆ ಪಿಂಚಣಿಯು ಆಧಾರವಾಯಿತು. 1871ರಲ್ಲಿ ಅದಕ್ಕೊಂದು ಕಾಯಿದೆಯೂ ಆಯಿತು. ಕೊಡುವ ಕೈ ಸರಕಾರದ್ದು, ಪಡೆಯುವವನು ಕೃತಜ್ಞನಾಗಿರಬೇಕು ಎಂಬದೇ ಅಂದಿನ ಭಾವನೆ.

ಕೂಲಿಯಾಳಿನ ದಾರಿ ಬೇರೆ. ಜರ್ಮನಿ ದೇಶದಲ್ಲಿ ಬಿಸ್ಮಾರ್ಕನು ಮಂತ್ರಿಯಾಗಿದ್ದಾಗ 1883ರಲ್ಲಿ ರೋಗಕ್ಕೂ, 1884ರಲ್ಲಿ ಅಪಘಾತಕ್ಕೂ, 1889ರಲ್ಲಿ ಮುಪ್ಪಿಗೂ ಅಂಗವೈಕಲ್ಯಕ್ಕೂ ವಿಮೆಯ ಕಾಯಿದೆಗಳು ಹುಟ್ಟಿದವು. ಮುಪ್ಪಿನ ವಿಮೆಯ ಚೀಲಕ್ಕೆ ಆಳೂ ಧನಿಯೂ ಸಮಪಾಲು ಹಾಕಬೇಕು, ಸರಕಾರವೂ ಸ್ವಲ್ಪ ಕೂಡಿಸಬೇಕು ಎಂದು ವಿಧಿಯಾಯಿತು. ಆದರೆ ಆ ದೇಶದ ಸರಕಾರಿ ಅಧಿಕಾರಿಗಳು ಈ ಚೀಲದ ಹೊರಗೆ ನಿಂತು, ಬೊಕ್ಕಸದಿಂದಲೇ ಪಿಂಚಣಿ ಪಡೆದರು, ಇಂದಿಗೂ ಪಡೆಯುತ್ತಾರೆ. ಹೀಗಿರಲಾಗಿ ಈ ಎರಡು ದಾರಿಗಳು ನಮ್ಮ ದೇಶದಲ್ಲಿ ಮಾತ್ರ ಕಂಡವುಗಳಲ್ಲ.

ನಮ್ಮಲ್ಲಿ ಕಾರ್ಮಿಕರ ರಾಜ್ಯ ವಿಮೆಯ ಕಾಯಿದೆ 1948ರಲ್ಲಿಯೂ, ಪ್ರಾವಿಡೆಂಟ್ ಫಂಡಿನ ಕಾಯಿದೆ 1952ರಲ್ಲಿಯೂ ಆದವು. ಫಂಡಿಗೆ ಆಳಿನ ಸಂಬಳದಲ್ಲಿ ನೂರಕ್ಕೆ 12 ರೂಪಾಯಿ ಹೋಗುತ್ತದೆ. ಧನಿಯೂ ಅಷ್ಟೇ ಹಾಕಬೇಕು. 1995ರ ಯೋಜನೆಯ ಪ್ರಕಾರ ಧನಿಯ ಪಾಲಿನಿಂದ ನೂರಕ್ಕೆ 8.33 ರೂಪಾಯಿ ಪಿಂಚಣಿಯ ನಿಧಿಗೆ ಸೇರುತ್ತದೆ. ಆದರೆ ಈ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ ಮಿತಿಯುಂಟು. 2014ರ ಸೆಪ್ಟೆಂಬರಿನಲ್ಲಿ ಅದನ್ನು 15,000 ರೂಪಾಯಿ ಎಂದು ಗೊತ್ತುಮಾಡಿದರು. ಆ ಮಿತಿಯ ಮೇಲೆ 33 ವರುಷ ಪೂರಾ ದುಡಿದವನಿಗೆ 2 ವರುಷ ಕೂಡಿಸಿ 35 ಎಂದು ಹಿಡಿದರೂ, ಸಿಕ್ಕುವದು ತಿಂಗಳಿಗೆ 7,500 ರೂಪಾಯಿ. ಬೆಲೆಗಳು ಏರಿದ ಹಾಗೆ ಅದು ಏರುವದಿಲ್ಲ. ಅದೇ ವರುಷ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಎಂದು ನೇಮಿಸಿದರು.

ಸರಕಾರದ ಹಳೆಯ ಪಿಂಚಣಿಯು ಹಾಗಲ್ಲ. ನೌಕರನು ಅದಕ್ಕಾಗಿ ಏನನ್ನೂ ಕಟ್ಟಲಿಲ್ಲ. ಕಡೆಯ ಸಂಬಳದ ಅರ್ಧವು ಬರುತ್ತಿತ್ತು. ಬೆಲೆ ಏರಿದರೆ ತುಟ್ಟಿಭತ್ತೆಯೂ ಏರುತ್ತಿತ್ತು. ಅವನು ತೀರಿಕೊಂಡರೆ ವಿಧವೆಗೆ ಕುಟುಂಬ ಪಿಂಚಣಿ. 2004ರ ಜನವರಿ 1ರಿಂದ ಕೇಂದ್ರ ಸರಕಾರದ ಹೊಸ ನೌಕರರಿಗೆ (ಸೈನ್ಯದವರ ಹೊರತು) ಇದು ನಿಂತಿತು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೂ ನಿಂತಿತು. ಅವರ ಹಣ ಪೇಟೆಯ ಏರಿಳಿತಕ್ಕೆ ಒಳಗಾಯಿತು. ಅವರು ಮೊರೆಯಿಟ್ಟದ್ದರಿಂದ ಕೇಂದ್ರವು 2025ರ ಏಪ್ರಿಲ್ 1ರಿಂದ ಮತ್ತೊಂದು ಯೋಜನೆಯನ್ನು ತಂದಿತು. ಅದರಲ್ಲಿ 25 ವರುಷ ದುಡಿದವನಿಗೆ ಕಡೆಯ 12 ತಿಂಗಳ ಮೂಲ ಸಂಬಳದ ಸರಾಸರಿಯ ಅರ್ಧವೂ, 10 ವರುಷ ದುಡಿದವನಿಗೆ ಕನಿಷ್ಠ 10,000 ರೂಪಾಯಿಯೂ ಭರವಸೆಯಾಗಿ ಸಿಕ್ಕುವದು.

ಈಗ ಎರಡು ಕನಿಷ್ಠಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಡಿರಿ. ಹತ್ತು ವರುಷದ ಚಾಕರಿಯೇ ಎರಡಕ್ಕೂ ಬಾಗಿಲು. ಒಂದು ಕಡೆ 2014ರಲ್ಲಿ ನೇಮಿಸಿದ 1,000. ಇನ್ನೊಂದು ಕಡೆ 2025ರಲ್ಲಿ ನೇಮಿಸಿದ 10,000. ಅಕ್ಕಿಯ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ಧಾರಣೆ.

ಆದರೂ ನ್ಯಾಯವಾಗಿ ತೂಗುವವನು ಇನ್ನೊಂದು ತಟ್ಟೆಯನ್ನೂ ನೋಡಬೇಕು. ಫಂಡಿನ ಹಣವು ಆಳಿನ ಸ್ವಂತದ್ದು. ಕೆಲಸ ಬಿಟ್ಟರೂ ಅವನ ಸಂಗಡ ಹೋಗುತ್ತದೆ. ಹಳೆಯ ಪಿಂಚಣಿಯಾದರೋ ನಡುವೆ ರಾಜೀನಾಮೆ ಕೊಟ್ಟವನ ಕೈ ತಪ್ಪುತ್ತಿತ್ತು. ರಾಜ್ಯ ವಿಮೆಗೆ ಒಳಪಟ್ಟ ಕಾರ್ಮಿಕನು ಕಾಯಿಲೆ ಬಿದ್ದರೆ ವರುಷಕ್ಕೆ 91 ದಿನಗಳ ವರೆಗೆ ಕೂಲಿಯಲ್ಲಿ ನೂರಕ್ಕೆ 70ರಂತೆ ಪಡೆಯುತ್ತಾನೆ; ಅದಕ್ಕಾಗಿ 2019ರ ಜುಲೈಯಿಂದ ಅವನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಧನಿಯ ಪಾಲು ಮೂರೂ ಕಾಲು ರೂಪಾಯಿ. ಇದು ಸಣ್ಣ ಉಪಕಾರವಲ್ಲ.

ಆದದರಿಂದ ನಾವು ಕೇಳಬೇಕಾದದ್ದು ಯಾರಿಗೆ ಎಷ್ಟು ರೂಪಾಯಿ ಎಂಬದೊಂದೇ ಅಲ್ಲ. ಮುಪ್ಪಿನಲ್ಲಿ ಮೂರು ಭಯಗಳುಂಟು: ಬೆಲೆ ಏರೀತೆಂಬದು, ಕೂಡಿಟ್ಟದ್ದು ಕರಗೀತೆಂಬದು, ಹಣ ಮುಗಿದ ಮೇಲೂ ಬದುಕಬೇಕಾದೀತೆಂಬದು. ಹಳೆಯ ಪಿಂಚಣಿಯಲ್ಲಿ ಈ ಮೂರನ್ನೂ ಸರಕಾರವೇ ಹೊತ್ತಿತು. ಕಾರಖಾನೆಯ ಆಳು ಇವುಗಳ ಬಹುಪಾಲನ್ನು ತಾನೇ ಹೊರುತ್ತಾನೆ. ಬಲವುಳ್ಳವರು ಕೂಡಿ ಹೊರಬಹುದಾದ ಹೊರೆಯನ್ನು ಬಲವಿಲ್ಲದ ಒಬ್ಬನ ತಲೆಯ ಮೇಲಿಡುವದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ.

ಯಾವನಾದರೂ ಹೀಗನ್ನಬಹುದು: ಸರಕಾರದ ನೌಕರನು ಬೇರೆ ವ್ಯಾಪಾರ ಮಾಡಬಾರದು, ಹೇಳಿದಲ್ಲಿಗೆ ವರ್ಗವಾಗಿ ಹೋಗಬೇಕು, ಪಿಂಚಣಿಯು ಅದರ ಪ್ರತಿಫಲ. ಇದು ಸತ್ಯವೇ. ನಕಾರಾ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು, ಪಿಂಚಣಿಯು ಕೃಪೆಯ ದಾನವಲ್ಲ, ಸಲ್ಲಿಸಿದ ಸೇವೆಗೆ ಬರತಕ್ಕ ಹಕ್ಕು ಎಂದು ತೀರ್ಪುಕೊಟ್ಟಿತು. ಆದರೆ ಆ ಮಾತು ಮುಂದಕ್ಕೂ ನಡೆಯುತ್ತದೆ. ಸಲ್ಲಿಸಿದ ದುಡಿಮೆಯೇ ಹಕ್ಕನ್ನು ಹುಟ್ಟಿಸುವದಾದರೆ, ಹೆಂಚು ಸುಟ್ಟವನ ದುಡಿಮೆಯೂ ನೂಲು ತೆಗೆದವಳ ದುಡಿಮೆಯೂ ಯಾಕೆ ಹುಟ್ಟಿಸಬಾರದು?

ಇನ್ನೊಬ್ಬನು, ಹಾಗಾದರೆ ಸರಕಾರಿ ಪಿಂಚಣಿಯನ್ನೇ ತೆಗೆದುಬಿಡಲಿ, ಎಲ್ಲರೂ ಸಮಾನರಾಗುವರು ಅನ್ನುತ್ತಾನೆ. 2004ರಲ್ಲಿ ಬಹುಮಟ್ಟಿಗೆ ಹಾಗೆಯೇ ಮಾಡಿದರು. ಅದರಿಂದ ಯಾವ ಕಾರಖಾನೆಯ ಮುದುಕನ ಪಿಂಚಣಿಯೂ ಒಂದು ಕಾಸು ಹೆಚ್ಚಲಿಲ್ಲ. ನೆರೆಯವನ ಮಾಡು ಕಿತ್ತರೆ ನಮ್ಮ ಮನೆಯ ಸೋರಿಕೆ ನಿಲ್ಲುವದಿಲ್ಲ. ಸಂಬಳದಲ್ಲಿ ಭೇದವಿದ್ದಂತೆ ಪಿಂಚಣಿಯ ಮೇಲ್ಭಾಗದಲ್ಲಿಯೂ ಭೇದವಿರಲಿ. ಕೆಳಗಿನ ನೆಲ ಮಾತ್ರ ಎಲ್ಲರಿಗೂ ಒಂದೇ ಆಗಿರಬೇಕು, ಆ ನೆಲವು ಹಸಿವನ್ನು ತಡೆಯುವಷ್ಟು ಎತ್ತರವಿರಬೇಕು.

ಇನ್ನು ಈ ಇಬ್ಬರ ಹೊರಗೂ ನಿಂತವರನ್ನು ಮರೆಯಬಾರದು. ಗದ್ದೆಯ ಕೂಲಿಯವಳಿಗೆ ಸಂಬಳದ ಚೀಟಿಯಿಲ್ಲ, ಫಂಡಿಲ್ಲ. ಬಡ ಮುದುಕರಿಗೆ ಕೇಂದ್ರ ಸರಕಾರವು ಕೊಡುವ ಪಾಲು, 60ರಿಂದ 79 ವರುಷದವರಿಗೆ, ಅನೇಕ ವರುಷಗಳ ಕಾಲ ತಿಂಗಳಿಗೆ 200 ರೂಪಾಯಿಯಲ್ಲಿಯೇ ನಿಂತಿತು. ರಾಜ್ಯಗಳು ತಮ್ಮ ಪಾಲು ಕೂಡಿಸುತ್ತವೆ. ಆದರೂ ಅವಳು ಸಾಬೂನು ಕೊಂಡಾಗಲೂ ಬಟ್ಟೆ ಕೊಂಡಾಗಲೂ ತೆರಿಗೆ ಕೊಡುತ್ತಾಳೆ. ಸರಕಾರದ ಪಿಂಚಣಿಯು ಅಂಥ ತೆರಿಗೆಯಿಂದಲೂ ಸಲ್ಲುತ್ತದೆ. ಪಿಂಚಣಿಯಿಲ್ಲದವಳು ಪಿಂಚಣಿಯುಳ್ಳವನನ್ನು ಹೀಗೆ ಸಾಕುತ್ತಾಳೆ. ಕಚೇರಿಯ ಕಿಟಕಿಯ ಒಳಗೆ ಕೂತವರು ಇದನ್ನು ನೆನಸಿದರೆ, ಹೊರಗೆ ನಿಂತವಳನ್ನು ನಾಳೆ ಬಾ ಎಂದು ಕಳುಹಿಸುವದಕ್ಕೆ ನಾಚಿಯಾರು.

ಹೊರಗಿನವರನ್ನು ಒಳಗೆ ತರುವದು ಅಸಾಧ್ಯವೆಂದು ಹೇಳಬೇಡಿರಿ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಮನೆಯ ಜಗಲಿಯ ಮೇಲೆ ಬೀಡಿ ಕಟ್ಟುವ ಹೆಂಗಸರನ್ನು ಬಲ್ಲಿರಲ್ಲವೇ? ಅಂಥವರು ಕಾರಖಾನೆಯೊಳಗೆ ಕೂತು ದುಡಿಯುವದಿಲ್ಲವಾದದರಿಂದ ನೌಕರರೇ ಅಲ್ಲವೆಂದು ಧನಿಗಳು ವಾದಿಸಿದರು. ಸುಪ್ರೀಂ ಕೋರ್ಟು 1985ರಲ್ಲಿ ಆ ವಾದವನ್ನು ತಳ್ಳಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪ್ರಾವಿಡೆಂಟ್ ಫಂಡು ಸಲ್ಲತಕ್ಕದ್ದೆಂದು ತೀರ್ಮಾನಿಸಿತು. ಜಗಲಿಯ ಮೇಲಿನ ದುಡಿಮೆಗೆ ಲೆಕ್ಕವಿಡಬಹುದಾದರೆ ಗದ್ದೆಯ ದುಡಿಮೆಗೂ ಇಡಬಹುದು; ಬೇಕಾದದ್ದು ಮನಸ್ಸು.

ಕಡೆಯದಾಗಿ, ನಮ್ಮ ಕೈಲಾದದ್ದನ್ನು ನಾವು ಮಾಡುವ. ಕೆಲಸ ಬದಲಿಸಿದಾಗಲೆಲ್ಲಾ ಫಂಡಿನ ಹಣವನ್ನು ತೆಗೆದು ಮದುವೆಗೂ ಹಬ್ಬಕ್ಕೂ ಸುರಿಯಬೇಡಿರಿ. ಹಾಗೆ ಮಾಡಿದರೆ ಪಿಂಚಣಿಗೆ ಬೇಕಾದ ಹತ್ತು ವರುಷದ ಲೆಕ್ಕ ಮುರಿದುಹೋದೀತು. ಹಣವನ್ನು ಹೊಸ ಕೆಲಸದ ಲೆಕ್ಕಕ್ಕೆ ವರ್ಗಮಾಡಿಸಿರಿ. ಹೆಸರೂ ಹುಟ್ಟಿದ ತಾರೀಖೂ ಎಲ್ಲಾ ಕಾಗದಗಳಲ್ಲಿ ಒಂದೇ ಇವೆಯೋ ನೋಡಿಕೊಳ್ಳಿರಿ; ಹೆಂಡತಿಮಕ್ಕಳ ಹೆಸರನ್ನು ವಾರಸುದಾರರಾಗಿ ಬರೆಸಿರಿ. ಫಂಡಿಲ್ಲದ, 18ರಿಂದ 40 ವರುಷದೊಳಗಿನವರು 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯನ್ನು ಬ್ಯಾಂಕಿನಲ್ಲಿ ವಿಚಾರಿಸಲಿ. ಓದು ಬಲ್ಲವರು ಓದು ಬಾರದ ನೆರೆಯವರ ಸಂಗಡ ಕಚೇರಿಗೆ ಹೋಗಿ ಅರ್ಜಿ ಬರೆದುಕೊಡಲಿ. ಮತ ಕೇಳಲು ಬರುವವರ ಮುಂದೆ, ದುಡಿದ ಮುದುಕನ ತಿಂಗಳ ಅನ್ನಕ್ಕೆ ಎಷ್ಟು ಸಾಕೆಂದು ನೀವು ನೆನಸುತ್ತೀರಿ ಎಂಬ ಪ್ರಶ್ನೆಯನ್ನು ಭಯವಿಲ್ಲದೆ ಇಡಿರಿ.